ಅವ್ವನ ಎರಡು ಟ್ರಂಕು ಅರಿವೆ: ಯಾರಿಗೆ ಕೊಡಲಿ?

ನವನಗರದ ಮಗಳು

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ.

ಬರುವ ಶ್ರಾವಣಕ್ಕೆ ಅವ್ವ ಹೋಗಿ ವರ್ಷವಾಗುತ್ತದೆ. ನಾನಿರುವುದು ವಿಜಯಪುರದಲ್ಲಿ, ತಮ್ಮ ಪುಣೆಯಲ್ಲಿ. ಬಾಗಲಕೋಟೆ ನವನಗರದ ಮನೆಯನ್ನು ಬಾಡಿಗೆಗೆ ಕೊಡುವುದೆಂದು ಮಾತಾಗಿದೆ. ಪಾತ್ರೆ ಹಂಚಿಕೊಂಡದ್ದಾಯಿತು, ಕಪಾಟು ಮಾರಿದ್ದಾಯಿತು. ಉಳಿದದ್ದು ಅರಿವೆ. ಹಳೆ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗುವಾಗ ಟ್ರ್ಯಾಕ್ಟರ್ ಮೇಲೆ ಹೇರಿಕೊಂಡು ಬಂದ ಎರಡು ಕಬ್ಬಿಣದ ಟ್ರಂಕುಗಳಿವೆ. ಅವುಗಳ ತುಂಬ ಅರಿವೆ, ಮೇಲೆ ಗೋಡೆಗೆ ಒರಗಿಸಿದ ಗಾದಿಗಳು. ಅವ್ವ ಜೀವನದಲ್ಲಿ ಒಂದು ಚಿಂದಿಯನ್ನೂ ಹೊರಗೆ ಹಾಕಿದವಳಲ್ಲ.

ಮೂರು ದಿನ ಕೂತು ಎಣಿಸಿದೆ. ಇಳಕಲ್ ಸೀರೆ 23. ಅದರಲ್ಲಿ 14 ಹತ್ತಿ ಒಡಲಿನವು, ಉಟ್ಟು ಉಟ್ಟು ಬೆಣ್ಣೆಯ ಹಾಗಾಗಿವೆ. ನೈಲಾನ್, ಪಾಲಿಸ್ಟರ್ ಸೀರೆ 31. ಅವುಗಳಲ್ಲಿ 11ರ ಮಡಿಕೆಯನ್ನೇ ಬಿಚ್ಚಿಲ್ಲ. ಮದುವೆಗಳಲ್ಲಿ ಉಡುಗೊರೆಯಾಗಿ ಬಂದ ಆಯೇರಿ ಸೀರೆಗಳು! ನಮ್ಮ ಕಡೆಯವರಿಗೆ ಗೊತ್ತಿರುತ್ತದೆ, ಈ ಸೀರೆಗಳನ್ನು ಯಾರೂ ಉಡುವುದಿಲ್ಲ, ಅವು ಮದುವೆಯಿಂದ ಮದುವೆಗೆ ತಿರುಗುತ್ತಿರುತ್ತವೆ ಅಷ್ಟೇ. ಒಂದಂತೂ ನಾನೇ ತಂದು ಕೊಟ್ಟಿದ್ದು. ಕುಬಸಗಳಿಗೆ ಲೆಕ್ಕವಿಲ್ಲ. ಅಪ್ಪನ ಧೋತರ 6, ಟೆರಿಕಾಟ್ ಪ್ಯಾಂಟು 9. ಚಾದರ, ಪರದೆ, ದಿಂಬಿನ ಗವಸು ಒಂದು ರಾಶಿ. ಹತ್ತಿ ಗಾದಿ 4, ಗಂಟುಗಂಟಾಗಿವೆ. ನವಲಗುಂದದ ಜಮಖಾನೆ ಒಂದು, ಮೂಲೆಯನ್ನು ಇಲಿ ತಿಂದಿದೆ.

ಇಲ್ಲಿಯವರೆಗೆ ಮಾಡಿದ್ದನ್ನು ಹೇಳಿಬಿಡುತ್ತೇನೆ, ನಗಬೇಡಿ.

ಮೊದಲು ಒಂದು ವೃದ್ಧಾಶ್ರಮಕ್ಕೆ ಹೋದೆ. ಫೋನ್ ಮಾಡಲಿಲ್ಲ, ಸೀದಾ ಆಟೋದಲ್ಲಿ ಎರಡು ದೊಡ್ಡ ಗಂಟು ಹಾಕಿಕೊಂಡು ಹೋದೆ. ಅಲ್ಲಿದ್ದ ಹೆಣ್ಣುಮಗಳು ಗಂಟು ಬಿಚ್ಚಿ ನೋಡಿ, "ಅಕ್ಕಾರ, ನಮ್ಮ ಅಜ್ಜಿಯರು ಈಗ ಸೀರಿ ಉಡಂಗಿಲ್ಲ, ನೈಟಿ ಹಾಕ್ತಾರ. ಚಾದರ ಇದ್ರ ಕೊಡ್ರಿ" ಎಂದಳು. ಚಾದರವನ್ನಷ್ಟೇ ತೆಗೆದುಕೊಂಡು, ಉಳಿದದ್ದನ್ನು ನನಗಿಂತ ಚೆನ್ನಾಗಿ ಗಂಟು ಕಟ್ಟಿ ವಾಪಸ್ ಕೊಟ್ಟಳು. ಮನೆ ಮುಟ್ಟುವವರೆಗೂ ಸಿಟ್ಟಿತ್ತು. ದಾನ ಕೊಡಲು ಹೋದವಳಿಗೆ ಬೇಡ ಅಂದುಬಿಟ್ಟಳಲ್ಲ ಎಂದು.

ಆಮೇಲೆ ಹಳೆ ಬಟ್ಟೆಗೆ ಪಾತ್ರೆ ಕೊಡುವವಳನ್ನು ಕರೆದೆ. ಅವಳು ಒಂದೊಂದು ಸೀರೆಯನ್ನೂ ಬಿಸಿಲಿಗೆ ಹಿಡಿದು ತೂತು ನೋಡಿದಳು, ಮೂಸಿದಳು. ಹತ್ತಿಯದನ್ನೆಲ್ಲ ಪಕ್ಕಕ್ಕೆ ತಳ್ಳಿ ನೈಲಾನ್ ಮಾತ್ರ ಕೇಳಿದಳು. ಏಳು ಸೀರೆಗೆ ಒಂದು ಸಣ್ಣ ಸ್ಟೀಲ್ ಬೋಗಾಣಿಯಂತೆ. ಆಗಲಿಲ್ಲ ನನ್ನ ಕೈಲಿ.

ಮನೆಗೆಲಸಕ್ಕೆ ಬರುವ ಅಕ್ಕನನ್ನು ಕೇಳಿದೆ. ಅವಳು ಮುಖ ತಗ್ಗಿಸಿ, "ಹೋದವರ ಸೀರಿ ಅಲ್ಲೇನ್ರಿ" ಎಂದಳು. ಮುಂದೆ ಮಾತಾಡಲಿಲ್ಲ.

ಸೋದರತ್ತೆಯ ಪರಿಹಾರ ಬಲು ಸುಲಭದ್ದು: "ಕೂಡಲಸಂಗಮಕ್ಕ ಹೋಗಿ ಹೊಳಿಗೆ ಬಿಟ್ಟು ಬಾ." ತಮ್ಮನದು ಇನ್ನೂ ಸುಲಭ: "ಎಲ್ಲಾ ಕಸದ ಗಾಡಿಗೆ ಹಾಕು."

ಎರಡೂ ಬೇಡ ಅನ್ನಿಸುತ್ತಿದೆ. ಆದರೆ ಬೇಕಾದ್ದು ಏನು ಅಂತಲೂ ಗೊತ್ತಾಗುತ್ತಿಲ್ಲ. ಯಾವುದನ್ನು ಯಾರಿಗೆ ಕೊಡಬೇಕು? ಕೆಲಸಕ್ಕೆ ಬಾರದ್ದನ್ನು ನಿಜವಾಗಿ ಯಾರಾದರೂ ಒಯ್ಯುತ್ತಾರಾ?

ಘಟಪ್ರಭೆ ದಂಡೆಯವ

ಅಕ್ಕಾ, ನಾನು ಕೊಟ್ಟವನಲ್ಲ, ತೆಗೆದುಕೊಂಡವನು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮುಧೋಳ ಕಡೆಯ ಹಳ್ಳಿ. 2019ರ ಆಗಸ್ಟ್‌ನಲ್ಲಿ ಹೊಳೆ ಊರೊಳಗೆ ಬಂತು. ನಾವು ಎತ್ತರದಲ್ಲಿದ್ದ ಶಾಲೆಯಲ್ಲಿ 11 ದಿನ ಇದ್ದೆವು. ಊಟಕ್ಕೆ ಕೊರತೆ ಆಗಲಿಲ್ಲ, ಸುಳ್ಳು ಹೇಳಬಾರದು. ರೊಟ್ಟಿ ಎಲ್ಲೆಲ್ಲಿಂದಲೋ ಬಂದವು. ಮೂರನೇ ದಿನ ಬಟ್ಟೆಯ ಲಾರಿ ಬಂತು. ಶಾಲೆಯ ಕಟ್ಟೆ ಮೇಲೆ ಸುರಿದು ಫೋಟೋ ತೆಗೆಸಿಕೊಂಡು ಹೋದರು. ಮೇಲೆ ಮಳೆ.

ನನ್ನ ಹೆಂಡತಿಗೆ ಬೇಕಾಗಿದ್ದದ್ದು ಲಂಗ, ಒಳಗಿನ ಬಟ್ಟೆ, ಮುಟ್ಟಿನ ಬಟ್ಟೆ. ಆ ರಾಶಿಯಲ್ಲಿ ಸಿಕ್ಕಿದ್ದು ಮಿಣಮಿಣ ಅನ್ನುವ ಗೌನು, ಒಂದು ಕೋಟು, ಯಾರ ಮೈಗೂ ಹೊಂದದ ಕುಬಸಗಳು. ಸೀರೆ ಬೇಕಾದಷ್ಟಿದ್ದವು. ಲಂಗ ಇಲ್ಲದೆ ಸೀರೆ ಯಾವುದಕ್ಕೆ ಸಿಗಿಸಿ ಉಡಬೇಕು ಹೇಳಿ? ಒಗೆಯದ ಬಟ್ಟೆಗಳೂ ಇದ್ದವು. ಒಂದು ಪ್ಯಾಂಟಿನ ಕಿಸೆಯಲ್ಲಿ ಹಳೆ ಬಸ್ ಟಿಕೆಟ್ ಇತ್ತು. ಸುಮ್ನೆ ಹೇಳುತ್ತಿಲ್ಲ, ನೀರಿಳಿದ ಮೇಲೆ ಆ ಕೊಳೆತ ರಾಶಿ ತೆಗೆಯುವುದಕ್ಕೇ ನಮಗೆ ಎರಡು ದಿನ ಬೇಕಾಯಿತು. ನಮ್ಮ ಮನೆಯ ಕೆಸರು ತೆಗೆಯುವುದು ಬಿಟ್ಟು.

ಒಂದು ಗಂಟು ಮಾತ್ರ ಬೇರೆ ಥರ ಇತ್ತು. ಯಾರೋ ಹೆಣ್ಣುಮಕ್ಕಳೇ ಕಟ್ಟಿರಬೇಕು. ಒಂದೊಂದು ಕೈಚೀಲದಲ್ಲಿ ಒಂದು ಸೀರೆ, ಒಂದು ಲಂಗ, ಹೊಲಿಯದ ಕುಬಸದ ಬಟ್ಟೆ, ಎರಡು ಮಡಿಕೆ ಹಳೆ ಹತ್ತಿ ಬಟ್ಟೆ, ಜೊತೆಗೆ ಸೂಜಿ ದಾರ. ಯಾರು ಕಳಿಸಿದರೋ ಗೊತ್ತಿಲ್ಲ. ಆ ಸೂಜಿ ಇನ್ನೂ ನಮ್ಮ ಮನೆಯಲ್ಲಿದೆ.

ಆ ವೃದ್ಧಾಶ್ರಮದ ಹೆಣ್ಣುಮಗಳ ಮೇಲೆ ಸಿಟ್ಟು ಬೇಡ ಅಕ್ಕಾ. ಆಕೆ ನಿಮಗೆ ಬಾಯಿಬಿಟ್ಟು ಬೇಡ ಎಂದಳು. ನಮಗೆ ಹಾಗೆ ಹೇಳಲು ಆಗಲಿಲ್ಲ.

ನವನಗರದ ಮಗಳು

ಅಣ್ಣಾ, ನಿಮ್ಮದನ್ನು ಎರಡು ಸಲ ಓದಿದೆ. 2019ರಲ್ಲಿ ನಮ್ಮ ಆಫೀಸಿನಲ್ಲೂ ಬಟ್ಟೆ ಕೂಡಿಸಿದ್ದರು. ನಾನೂ ಎರಡು ಚೀಲ ಕೊಟ್ಟಿದ್ದೆ. ಲಂಗ ಹಾಕಿದ ನೆನಪಿಲ್ಲ. ಒಗೆದ ನೆನಪೂ ಇಲ್ಲ. ಆ ಬಸ್ ಟಿಕೆಟ್ ನಮ್ಮ ಮನೆಯದಲ್ಲ ಅಂತ ಹೇಳುವ ಧೈರ್ಯವೂ ನನಗಿಲ್ಲ.

ಉದ್ಯಮಬಾಗ್ ಲೇಥ್

ಬೆಳಗಾವಿ ಉದ್ಯಮಬಾಗದಲ್ಲಿ ಸಣ್ಣ ಮಷೀನ್ ಶಾಪ್ ಇದೆ ನಮ್ಮದು. ಭಾವನೆಯ ಮಾತು ನನಗೆ ಬರುವುದಿಲ್ಲ, ಬಟ್ಟೆಯ ಮಾತು ಹೇಳುತ್ತೇನೆ.

ನಮಗೆ ದಿನವೂ ಒರೆಸುವ ಬಟ್ಟೆ ಬೇಕು. ನಾವು ಅದನ್ನು ವೇಸ್ಟ್ ಅನ್ನುತ್ತೇವೆ, ಆದರೆ ದುಡ್ಡು ಕೊಟ್ಟು ಕೆಜಿ ಲೆಕ್ಕದಲ್ಲಿ ಕೊಳ್ಳುತ್ತೇವೆ. ಹತ್ತಿಯದೇ ಆಗಬೇಕು. ಹಳೆ ಬನಿಯನ್, ಧೋತರ, ಹತ್ತಿ ಚಾದರ ಇದ್ದರೆ ಬಂಗಾರ. ಹಳೆಯದಾದಷ್ಟೂ ಎಣ್ಣೆ ಚೆನ್ನಾಗಿ ಕುಡಿಯುತ್ತದೆ. ಟೆರಿಕಾಟ್, ನೈಲಾನ್ ಎಣ್ಣೆಯನ್ನು ಹತ್ತಿಯ ಹಾಗೆ ಹೀರುವುದಿಲ್ಲ, ಈ ಕಡೆಯಿಂದ ಆ ಕಡೆಗೆ ಬಳಿಯುತ್ತದೆ ಅಷ್ಟೇ. ಗುಂಡಿ, ಹುಕ್ಕು, ಜಿಪ್ ಒಂದೂ ಇರಬಾರದು. ಮಿರಿಮಿರಿ ಪಾಲಿಶ್ ಆದ ಜಾಬ್ (ನಾವು ಮಾಡಿಕೊಡುವ ಬಿಡಿಭಾಗ) ಮೇಲೆ ಒಂದು ಹುಕ್ಕು ಗೀರಿದರೆ ಇಡೀ ಜಾಬ್ ರಿಜೆಕ್ಟ್. ಬೆಳಗಾವಿಗೇ ಕಳಿಸಬೇಕೆಂದಿಲ್ಲ, ನಿಮ್ಮ ಊರಿನ ಯಾವ ಗ್ಯಾರೇಜಿನವರೂ ಒಲ್ಲೆ ಅನ್ನುವುದಿಲ್ಲ.

ಹತ್ತಿಯೋ ಅಲ್ಲವೋ ಎಂದು ಗೊತ್ತಾಗದಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ಹಾಗೆ ನಾರುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಸೇರಿದ್ದರೆ ಸ್ವಲ್ಪ ಬೂದಿ, ಸ್ವಲ್ಪ ಮಣಿ.

ನಿಮ್ಮ ಟೆರಿಕಾಟ್ ಪ್ಯಾಂಟುಗಳದ್ದು ಈ ಕೊನೆಯ ಜಾತಿ. ಹತ್ತಿ ಮತ್ತು ಪಾಲಿಸ್ಟರ್ ಒಂದೇ ನೂಲಿನಲ್ಲಿ ಹೊಸೆದುಕೊಂಡಿರುತ್ತವೆ, ಬಿಡಿಸುವುದು ಕಷ್ಟ. ಮರುಬಳಕೆ ಎಂದ ಕೂಡಲೇ ಹಳೆ ಪ್ಯಾಂಟು ಹೊಸ ಪ್ಯಾಂಟಾಗಿ ಬರುತ್ತದೆ ಅಂದುಕೊಳ್ಳಬೇಡಿ. ಹರಿಯಾಣದ ಪಾಣಿಪತ್‌ಗೆ ದೇಶ ವಿದೇಶದ ಹಳೆ ಉಣ್ಣೆ ಬಟ್ಟೆ ಬರುತ್ತದೆ. ಬಣ್ಣಬಣ್ಣ ಬೇರೆ ಮಾಡಿ, ಗುಂಡಿ ಕತ್ತರಿಸಿ, ಯಂತ್ರಕ್ಕೆ ಕೊಟ್ಟು ಎಳೆ ಎಳೆಯಾಗಿ ಹರಿಯುತ್ತಾರೆ. ಹರಿಯುವಾಗ ಎಳೆ ಗಿಡ್ಡ ಆಗುತ್ತದೆ. ಗಿಡ್ಡ ಎಳೆಯಿಂದ ಒರಟು ನೂಲೇ ಬರುವುದು. ಅದಕ್ಕೇ ಅಲ್ಲಿ ಹೆಚ್ಚಾಗಿ ಕಂಬಳಿ ಮಾಡುತ್ತಾರೆ.

ಸುಮ್ನೆ ಓದುಗ

ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? ಗಾಡಿಗೆ ಹಾಕಿ. ತೆರಿಗೆ ಕಟ್ಟುವುದಿಲ್ವಾ?

ದಾಳಿಂಬೆ ತೋಟ

ಮೇಲಿನವರಿಗೆ ಒಂದು ಮಾತು. ಗಾಡಿಗೆ ಹಾಕಿದರೂ ಕನಿಷ್ಠ ಒಣ ಕಸದಲ್ಲಿ ಹಾಕಿ. ಸಾರು ಸುರಿದ ಸೀರೆ ಯಾರಿಗೂ ಬೇಡ. ಇನ್ನು ಹೊಳೆಗೆ ಬಿಡುವ ಅತ್ತೆಯವರಿಗೆ ಎರಡು ಮಾತು. ಹೊಳೆ ದಂಡೆಯ ನಮ್ಮ ಭಾವನ ಪಂಪ್‌ಸೆಟ್ಟಿನ ಫುಟ್‌ವಾಲ್ವಿಗೆ ಹಿಂದಿನ ವರ್ಷ ಒಂದು ಸೀರೆ ಸುತ್ತಿಕೊಂಡಿತ್ತು. ನೈಲಾನ್, ಹಸಿರು ಅಂಚು. ಮೋಟಾರು ಸುಟ್ಟಿತು. ಯಾರದೋ ಪುಣ್ಯ, ನಮ್ಮ ಖರ್ಚು.

ಅಕ್ಕಾರ, ನಿಮ್ಮ ನೈಲಾನ್ ಸೀರೆ ನನಗೆ ಬೇಕು, ತಮಾಷೆ ಅಲ್ಲ. ವಿಜಯಪುರದ ಹತ್ತಿರ ನಮ್ಮದು ಮೂರು ಎಕರೆ ದಾಳಿಂಬೆ. ಬೇಸಿಗೆಯಲ್ಲಿ ಬಿಸಿಲು ನೇರ ಬಿದ್ದರೆ ಕಾಯಿಯ ಮೈ ಸುಟ್ಟು ಕಂದು ಕಲೆ ಬೀಳುತ್ತದೆ, ರೇಟು ಅರ್ಧ. ಅದಕ್ಕೆ ಗಿಡದ ಸಾಲಿನ ಮೇಲೆ ಹಳೆ ಸೀರೆ ಹೊದಿಸುತ್ತೇವೆ. ಹೊಲದ ಸುತ್ತ ಹಂದಿ ಬಾರದಂತೆ ಕಟ್ಟುವುದೂ ಸೀರೆಯನ್ನೇ. ಸಂತೆಯಲ್ಲಿ ಹಳೆ ಸೀರೆ ಮೂಟೆಗಟ್ಟಲೆ ಮಾರುತ್ತಾರೆ, ಕೊಂಡು ತರುತ್ತೇವೆ. ನಿಮ್ಮ ಪಾತ್ರೆಯವಳು ನೈಲಾನ್ ಮಾತ್ರ ಕೇಳಿದ್ದು ಯಾಕೆ ಗೊತ್ತಾಯ್ತಾ?

ಒಂದು ಷರತ್ತು ನನ್ನ ಮೇಲೆ ನಾನೇ ಹಾಕಿಕೊಂಡಿದ್ದೇನೆ. ಬಿಸಿಲಿಗೆ ಪಾಲಿಸ್ಟರ್ ಪುಡಿಪುಡಿಯಾಗಿ ಎಳೆ ಮಣ್ಣಿಗೆ ಸೇರುತ್ತದೆ. ಹಂಗಾಮು ಮುಗಿದ ಕೂಡಲೇ ಬಿಚ್ಚಿ ಸುತ್ತಿಡಬೇಕು. ಹಂದಿ ಬೇಲಿಯದ್ದನ್ನು ಬಿಚ್ಚಲು ಮರೆತು ಒಮ್ಮೆ ಕುಂಟೆ ತುಂಬ ದಾರ ಸಿಕ್ಕಿ ಅರ್ಧ ದಿನ ಕತ್ತರಿಸಿದ್ದೇನೆ.

ಗುಳೇದಗುಡ್ಡದ ಸೊಸೆ

ಹತ್ತಿ ಸೀರೆಗಳನ್ನು ಯಾರಿಗೂ ಕೊಡಬೇಡಿ! ಮೊದಲು ಕೌದಿ ಹೊಲಿಸಿ.

ಗೊತ್ತಿಲ್ಲದವರು ಹೊಸ ಬಟ್ಟೆಯಿಂದ ಕೌದಿ ಮಾಡಿಸುತ್ತಾರೆ, ಅದು ಹೊದ್ದರೆ ತಗಡಿನ ಹಾಗೆ ಇರುತ್ತದೆ. ಉಟ್ಟು ಒಗೆದು ಸವೆದ ಹತ್ತಿ ಇದ್ದರೆ ಮಾತ್ರ ಮೈಗೆ ಹತ್ತುತ್ತದೆ. ನಮ್ಮತ್ತೆ ನೆಲದ ಮೇಲೆ ಹಾಸಿ, ಒಳಗೆ ನಾಲ್ಕೈದು ಸೀರೆ ಪದರ ಮಾಡಿ, ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಿದ್ದರು. ಹೊಲಿಗೆ ಗೇಣಿಗೆ ಇಷ್ಟು ಅಂತ ಲೆಕ್ಕ. ನೈಲಾನ್ ಒಂದು ಪದರ ಕೂಡ ಸೇರಿಸಗೊಡುತ್ತಿರಲಿಲ್ಲ, ಒಳಗೆ ಜಾರುತ್ತದೆ, ಹೊದ್ದವರು ಬೆವರುತ್ತಾರೆ. ಅಪ್ಪನ ಧೋತರ ಅಸ್ತರಿಗೆ ಇಡಿ.

ಇಳಕಲ್ ಸೆರಗು ಕತ್ತರಿಸುವ ಮುಂಚೆ ಒಂದು ಎಳೆ ಸುಟ್ಟು ನೋಡಿ. ಕೂದಲಿನ ವಾಸನೆ ಬಂದರೆ ರೇಷ್ಮೆ, ಅಂಥದ್ದು ಎತ್ತಿಡಿ. ಕಾಗದದ ವಾಸನೆ ಬಂದರೆ ಅದು ಚಮಕಾ, ಅಂದರೆ ರೇಷ್ಮೆಯ ಹಾಗೆ ಹೊಳೆಯುವ ರೇಯಾನ್. ಚಮಕಾ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಕೌದಿ ಒಗೆಯುವಾಗ ಮೊದಲು ಹರಿಯುವುದು ಅದೇ. ಗಟ್ಟಿ ಇರುವ ಸೀರೆಯನ್ನಂತೂ ಕತ್ತರಿಸಲೇಬೇಡಿ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೆಲಸ ಮಾಡಿದ ಕೈಗೆ ಮರ್ಯಾದೆ ಬೇಡವೇ?

ಹೊಲಿಯುವವರ ಜೊತೆ ಕೂಲಿಗೆ ಚೌಕಾಸಿ ಮಾಡಬೇಡಿ. ಹದಿನೈದು ದಿನ ಬಗ್ಗಿ ಕೂರುವ ಕೆಲಸ ಅದು.

ಗಾದಿಗೆ ಪಿಂಜಾರರನ್ನು ಕೇಳಿ. ಬಿಲ್ಲು ಹಿಡಿದು ಟಂಯ್ ಟಂಯ್ ಅಂತ ಓಣಿಗೆ ಬರುವವರು ಈಗ ಕಡಿಮೆ, ಆದರೆ ಮಷೀನ್ ಇಟ್ಟುಕೊಂಡವರು ಇದ್ದಾರೆ. ಹಳೆ ಅರಳೆ ಹಿಂಜಿದರೆ ಮತ್ತೆ ಅರಳುತ್ತದೆ.

ಟಿಳಕವಾಡಿ

ಒಂದೆರಡು ಸೇರಿಸುತ್ತೇನೆ. ಗೂಂಜ್ ಎಂಬ ಸಂಸ್ಥೆ 1999ರಿಂದ ಹಳೆ ಬಟ್ಟೆಯನ್ನು ಹಳ್ಳಿಗಳಿಗೆ ಮುಟ್ಟಿಸುವ ಕೆಲಸ ಮಾಡುತ್ತಿದೆ, ಶುರು ಮಾಡಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರಲ್ಲಿ ಬಟ್ಟೆ ಭಿಕ್ಷೆಯಲ್ಲ. ಹಳ್ಳಿಯವರು ತಮ್ಮೂರಿನ ಬಾವಿಯನ್ನೋ ರಸ್ತೆಯನ್ನೋ ತಾವೇ ರಿಪೇರಿ ಮಾಡಿಕೊಂಡರೆ, ಆ ದುಡಿಮೆಗೆ ಬಟ್ಟೆ. ಹಳೆ ಹತ್ತಿಯಿಂದ ಮುಟ್ಟಿನ ಪ್ಯಾಡ್ ಕೂಡ ಮಾಡುತ್ತಾರೆ. ಕಳಿಸುವ ಮುಂಚೆ ಅವರಿಗೆ ಈಗ ಏನು ಬೇಕು ಎಂದು ಕೇಳಿ. ಇನ್ನೊಂದು, 2023ರ ಮೇ ತಿಂಗಳಲ್ಲಿ ದೇಶದ ಊರೂರುಗಳಲ್ಲಿ ಹಳೆ ಬಟ್ಟೆ, ಪುಸ್ತಕ, ಆಟಿಕೆ ತೆಗೆದುಕೊಳ್ಳಲು ತ್ರಿಬಲ್ ಆರ್ (ರೆಡ್ಯೂಸ್, ರೀಯೂಸ್, ರೀಸೈಕಲ್) ಕೇಂದ್ರಗಳನ್ನು ತೆರೆದಿದ್ದರು. ನಿಮ್ಮ ನಗರಸಭೆಯಲ್ಲಿ ಅದು ಈಗಲೂ ನಡೆಯುತ್ತಿದೆಯಾ ವಿಚಾರಿಸಿ.

ನವನಗರದ ಮಗಳು

ಆರು ವಾರ ಆಯಿತು. ಏನೇನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಮೊದಲು ವೃದ್ಧಾಶ್ರಮಕ್ಕೆ ಫೋನ್ ಮಾಡಿದೆ. ಅದೇ ಹೆಣ್ಣುಮಗಳು. "ಗಾದಿ ಬೇಕೇನ್ರಿ" ಎಂದೆ. "ತೆಳ್ಳಗ ಇರಬೇಕ್ರಿ, ಒಬ್ಬರು ಎತ್ತಿ ಒಣಹಾಕುವಂಗ" ಎಂದಳು. ನಾಲ್ಕು ಗಾದಿ ಬಿಚ್ಚಿಸಿ ಹಿಂಜಿಸಿದೆ. ಎಷ್ಟು ಧೂಳು ಬಂತೆಂದರೆ, ಪಿಂಜಾರಣ್ಣ ಮುಖಕ್ಕೆ ಟವೆಲ್ ಕಟ್ಟಿಕೊಂಡು "ಇದರಾಗ ಹಳೆ ಬಾಗಲಕೋಟಿ ಮಣ್ಣೂ ಐತಿ ನೋಡ್ರಿ" ಎಂದು ನಕ್ಕ. ಹೊಸ ಗವಸಿನಲ್ಲಿ ಐದು ತೆಳು ಗಾದಿ ಆದವು. ಐದೂ ಅಲ್ಲಿಗೆ ಹೋದವು. ಈ ಸಲ ಗಂಟು ವಾಪಸ್ ಬರಲಿಲ್ಲ.

ಉಟ್ಟ ನೈಲಾನ್ ಸೀರೆ 20, ಪರದೆಗಳ ಸಮೇತ ದಾಳಿಂಬೆ ತೋಟಕ್ಕೆ. ಅವರೇ ಬೈಕಿನಲ್ಲಿ ವಿಜಯಪುರದ ಮನೆಗೆ ಬಂದು ಒಯ್ದರು. ಒಂದು ಚೀಲ ಹಣ್ಣು ಕೊಡುತ್ತೇನೆ ಎಂದಿದ್ದಾರೆ, ಇಲ್ಲಿ ಬರೆದಿಡುತ್ತಿದ್ದೇನೆ, ಮರೆಯಬಾರದು.

ಕುಬಸಗಳ ಹುಕ್ಕು ಬಿಚ್ಚುವುದು ಹತ್ತು ಸಂಜೆಯ ಕೆಲಸ ಆಯಿತು. ಟಿವಿ ಮುಂದೆ ಕೂತು ಬಿಚ್ಚಿದೆ, ಒಂದು ಹಾರ್ಲಿಕ್ಸ್ ಡಬ್ಬಿ ತುಂಬಿತು. ಹತ್ತಿಯ ಕುಬಸ, ಹರಿದ ದಿಂಬಿನ ಗವಸು ಎಲ್ಲಾ ನವನಗರದ ಗ್ಯಾರೇಜಿಗೆ ಕೊಟ್ಟೆ. ಹುಡುಗ ಕೈಯಲ್ಲಿ ಉಜ್ಜಿ ನೋಡಿ "ಚಲೋ ಮಾಲ್ ಐತ್ರಿ ಅಕ್ಕಾರ" ಎಂದ. ಅವ್ವನ ಬಟ್ಟೆಗೆ ಸಿಕ್ಕ ಅತ್ಯುತ್ತಮ ಸರ್ಟಿಫಿಕೇಟು.

ಕೆಲಸದ ಅಕ್ಕನನ್ನು ಮತ್ತೆ ಕೇಳಿದೆ, ಆದರೆ ಬೇರೆ ಥರ. ಆಯೇರಿ ಸೀರೆಗಳನ್ನು ಮಡಿಕೆ ಸಮೇತ ಮುಂದಿಟ್ಟು, "ಇವು ಅವ್ವ ಉಟ್ಟವಲ್ಲ, ಹೊಸವು. ಬೇಕಾದ್ದು ಆರಿಸಿಕೋ, ಬೇಡ ಅಂದರೂ ಬೇಜಾರಿಲ್ಲ" ಎಂದೆ. ನಾಲ್ಕು ಆರಿಸಿಕೊಂಡಳು. ಮಗಳ ಮದುವೆಗೆ ಬೀಗರ ಕಡೆಯವರಿಗೆ ಆಯೇರಿ ಕೊಡಲಿಕ್ಕಂತೆ! ತಿರುಗುತ್ತಲೇ ಇರಲಿ ಬಿಡಿ. ಉಳಿದ ಏಳಕ್ಕೆ ಒಂದೊಂದು ಲಂಗ, ಕುಬಸದ ಬಟ್ಟೆ, ಸೂಜಿ ದಾರ ಸೇರಿಸಿ ಕೈಚೀಲ ಮಾಡಿಟ್ಟಿದ್ದೇನೆ. ಹೊಳೆ ಮತ್ತೆ ಬರದಿರಲಿ. ಬಂದರೆ ಸಿದ್ಧ ಇದೆ, ಘಟಪ್ರಭೆ ಅಣ್ಣಾ.

ಟೆರಿಕಾಟ್ ಪ್ಯಾಂಟುಗಳ ವಿಷಯದಲ್ಲಿ ಸೋತೆ. ಒಬ್ಬ ಟೇಲರ್ ಸಂತೆಚೀಲ ಹೊಲಿಯಲು ಎರಡು ತೆಗೆದುಕೊಂಡ. ಏಳು ಪ್ಯಾಂಟು ಒಗೆದು ಒಣ ಕಸದವರ ಕೈಗೆ ಕೊಟ್ಟೆ. ಮುಂದೆ ಎಲ್ಲಿಗೆ ಹೋದವೋ ಕೇಳಲಿಲ್ಲ, ಕೇಳಿದ್ದರೆ ಬೇಜಾರಾಗುತ್ತಿತ್ತೇನೋ. ಜಮಖಾನೆಯ ಇಲಿ ತಿಂದ ಮೂಲೆಗೆ ದಪ್ಪ ದಾರದ ಹೊಲಿಗೆ ಹಾಕಿಸಿ ನಾನೇ ಇಟ್ಟುಕೊಂಡೆ.

ಇಳಕಲ್‌ನಲ್ಲಿ ಗಟ್ಟಿ ಇದ್ದವು ಹಂಚಿಹೋದವು. ಸೋದರತ್ತೆ ಹೊಳೆಯ ಮಾತು ಬಿಟ್ಟು, ಚಿಕ್ಕಿ ಪರಾಸ ಅಂಚಿನದೊಂದು ಎತ್ತಿಕೊಂಡಳು. ಸವೆದ ಒಂಬತ್ತು ಸೀರೆ, ಅಪ್ಪನ ಧೋತರ ಸೇರಿ ಎರಡು ಕೌದಿ ಆದವು. ಹೊಲಿಯುವ ಅಜ್ಜಿ ಒಂದು ಸೀರೆ ಹಾಸಿ ಬೆರಳಿಟ್ಟು ತೋರಿಸಿದಳು. ನೆರಿಗೆಯ ಜಾಗದಲ್ಲಿ ಅಂಗೈಯಷ್ಟು ರಫು. ಕಣ್ಣಿಗೆ ಕಾಣದಂತೆ ಎಳೆಗೆ ಎಳೆ ಸೇರಿಸಿ ಹಾಕಿದ್ದು. ಅವ್ವ ರಫು ಮಾಡುತ್ತಿದ್ದಳೆಂದೇ ನನಗೆ ಗೊತ್ತಿರಲಿಲ್ಲ. "ಇದು ಮ್ಯಾಲ ಬರಲಿ ಏನ್ ಒಳಗ ಹೋಗಲಿ?" ಎಂದು ಅಜ್ಜಿ ಕೇಳಿದಳು. ಮೇಲೆ ಎಂದೆ.

ಕಸದ ಗಾಡಿಗೆ ಹಾಕು ಎಂದಿದ್ದ ತಮ್ಮ ನಿನ್ನೆ ಪುಣೆಯಿಂದ ಫೋನ್ ಮಾಡಿದ್ದ. ಅದೂ ಇದೂ ಮಾತಾಡಿ, ಇಡುವ ಮುಂಚೆ, "ಎರಡು ಕೌದಿ ಅಂದಿಯಲ್ಲ, ಎರಡನೇದು ಯಾರಿಗೆ?" ಎಂದ.

ಈಗ ಟ್ರಂಕು ಎರಡೂ ಖಾಲಿ. ಕಬ್ಬಿಣ ಗಟ್ಟಿ ಇದೆ, ಒಂದರ ಕೀಲಿಕೈ ಕಳೆದಿದೆ. ಬಾಗಲಕೋಟೆ ಕಡೆ ಯಾರಿಗಾದರೂ ಬೇಕಾ?